‘ಮೇಲ್ಮನವಿ ಇದ್ದೇ ಇದೆ’ ಎನ್ನುವ ಮಾತಿನ ಬಗ್ಗೆ

ಸಂಪಾದಕರಿಗೆ,

ಮಾನ್ಯರೇ,

ಕೆಲವು ದಿನಗಳ ಹಿಂದೆ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಪ್ರಕಟವಾದ ಪತ್ರವೊಂದು, ಮಾದಕ ವಸ್ತು ಪ್ರಕರಣಗಳಲ್ಲಿ ಅಮೆರಿಕದ ಫೆಡರಲ್ (ಕೇಂದ್ರ) ಕಾನೂನು ಐದು ವರ್ಷ, ಹತ್ತು ವರ್ಷಗಳ ಕನಿಷ್ಠ ಶಿಕ್ಷೆಯನ್ನು ಕಡ್ಡಾಯ ಮಾಡಿರುವುದನ್ನು ಹೊಗಳಿತ್ತು. ನಮ್ಮಲ್ಲಿಯೂ ನ್ಯಾಯಾಧೀಶರ ಮರ್ಜಿಗೆ ಏನನ್ನೂ ಬಿಡಬಾರದು, ಎಲ್ಲೋ ಒಂದು ಪ್ರಕರಣದಲ್ಲಿ ಅನ್ಯಾಯವಾದರೆ ‘ಮೇಲ್ಮನವಿ ಇದ್ದೇ ಇದೆ’ ಎಂದು ಅದನ್ನು ಮುಗಿಸಲಾಗಿತ್ತು. ಮೂವತ್ತನಾಲ್ಕು ವರ್ಷ ಹೆಚ್ಚಾಗಿ ಕ್ರಿಮಿನಲ್ ಮೇಲ್ಮನವಿಗಳನ್ನೇ ನಡೆಸಿ ಈಗ ನಿವೃತ್ತನಾಗಿರುವ ನನಗೆ ಪತ್ರದ ಉಳಿದ ಭಾಗದ ಮೇಲೆ ಹೆಚ್ಚಿನ ತಕರಾರಿಲ್ಲ. ಆ ಕೊನೆಯ ಮೂರು ಪದಗಳ ಮೇಲಿದೆ. ಶಿಕ್ಷೆಯ ಪ್ರಮಾಣವನ್ನು ಕಾನೂನೇ ಕಟ್ಟಿಹಾಕಿದ ಕಡೆ ಮೇಲ್ಮನವಿ ಬಹುಮಟ್ಟಿಗೆ ಹೆಸರಿಗಷ್ಟೇ ಉಳಿಯುತ್ತದೆ. ಇದಕ್ಕೆ ಆ ಓದುಗರು ಮೆಚ್ಚಿದ ಅಮೆರಿಕಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ನಾನು ಈ ವಿಷಯಕ್ಕೆ ಬಂದದ್ದು ಒಬ್ಬ ತಾಯಿಯಿಂದ. ನಮ್ಮ ಬೀದಿಯ ಕೊನೆಯ ಮನೆಯವರ ತಂಗಿ ಅವರು, ತೀರ್ಥಹಳ್ಳಿ ಕಡೆಯವರು. ಅಮೆರಿಕಕ್ಕೆ ಎಂ.ಎಸ್. ಓದಲು ಹೋದ ಅವರ ಮಗ, ಜೊತೆಗೆ ವಾಸವಿದ್ದ ಒಬ್ಬನಿಗಾಗಿ ತನ್ನ ಹೆಸರಿನಲ್ಲಿ ಪಾರ್ಸೆಲ್‌ಗಳನ್ನು ತರಿಸಿಕೊಡಲು ಒಪ್ಪಿ, ಪಾರ್ಸೆಲ್ ಒಂದಕ್ಕೆ ಇಷ್ಟೆಂದು ಹಣವನ್ನೂ ಪಡೆದು, ಕೊನೆಗೆ ಮೆಥಾಂಫೆಟಮಿನ್ ಎಂಬ ಮಾದಕ ವಸ್ತುವಿನ ವಿತರಣೆಯ ಒಳಸಂಚಿನ ಆರೋಪದಲ್ಲಿ ಸಿಕ್ಕಿಬಿದ್ದ. ತಪ್ಪು ಮಾಡಿದ್ದಾನೆ, ಅದನ್ನು ಅವನೂ ಅಲ್ಲಗಳೆಯುವುದಿಲ್ಲ, ಅವನ ತಾಯಿಯೂ ಅಲ್ಲಗಳೆಯುವುದಿಲ್ಲ. ಹಿಂದೆ ಒಂದು ಪ್ರಕರಣವೂ ಇರದ ಅವನಿಗೆ 120 ತಿಂಗಳ ಶಿಕ್ಷೆಯಾಯಿತು. ಜವಳಿ ಅಂಗಡಿಯ ಕೈಚೀಲದಲ್ಲಿ ಮಡಚಿಟ್ಟುಕೊಂಡು ಬಂದಿದ್ದ ಕಾಗದಗಳನ್ನು ಆ ತಾಯಿ ಒಂದೊಂದಾಗಿ ನನ್ನ ಮೇಜಿನ ಮೇಲೆ ಹರಡಿದರು. ತಪ್ಪೊಪ್ಪಿಗೆ ಒಪ್ಪಂದದ ಪ್ರತಿ ಪುಟದ ಕೆಳಗೂ ಮಗನ ಹೆಸರಿನ ಮೊದಲಕ್ಷರಗಳಿದ್ದವು, ಮೊದಮೊದಲ ಪುಟಗಳಲ್ಲಿ ಬಿಡಿಸಿ ಬರೆದದ್ದು, ಕೊನೆಕೊನೆಗೆ ಬರೀ ಗೀಚು. “ಸಾರ್, ಹೈಕೋರ್ಟಿಗೆ ಹೋದ್ರೆ ಒಂದೆರಡು ವರ್ಷನಾದ್ರೂ ಕಡಿಮೆ ಮಾಡಲ್ವಾ?” ಎಂದು ಕೇಳಿದರು.

ತೀರ್ಪು ಬಂದು ಆಗ ಏಳು ವಾರವಾಗಿತ್ತು. ನಮ್ಮಲ್ಲಿ ಸೆಷನ್ಸ್ ನ್ಯಾಯಾಲಯದ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಹೋಗಲು 60 ದಿನಗಳ ವಾಯಿದೆ ಇದೆ. ಅದು ಮೀರಿದರೂ ಸಕಾರಣ ತೋರಿಸಿ ವಿಳಂಬ ಮನ್ನಿಸುವಂತೆ ಅರ್ಜಿ ಹಾಕಬಹುದು, ಜೈಲಿನಲ್ಲಿರುವವರ ವಿಷಯದಲ್ಲಿ ಪೀಠಗಳು ಸಾಮಾನ್ಯವಾಗಿ ಉದಾರವಾಗಿಯೇ ನಡೆದುಕೊಳ್ಳುತ್ತವೆ. ಅದೇ ಅಭ್ಯಾಸದಲ್ಲಿ ನಾನು ‘ಇನ್ನೂ ಸಮಯ ಇದೆ ತಾಯಿ, ನೋಡೋಣ’ ಎಂದುಬಿಟ್ಟೆ. ಆ ರಾತ್ರಿ ಅಲ್ಲಿನ ನಿಯಮಗಳನ್ನು ತೆಗೆದು ನೋಡಿದಾಗ ಗೊತ್ತಾಯಿತು: ಫೆಡರಲ್ ಕ್ರಿಮಿನಲ್ ಪ್ರಕರಣದಲ್ಲಿ ತೀರ್ಪು ದಾಖಲಾದ ದಿನದಿಂದ 14 ದಿನಗಳೊಳಗೆ ಆರೋಪಿ ಮೇಲ್ಮನವಿಯ ನೋಟಿಸು ಸಲ್ಲಿಸಬೇಕು, ತಕ್ಕ ಕಾರಣವಿದ್ದರೆ ವಿಚಾರಣಾ ನ್ಯಾಯಾಲಯ ಇನ್ನು 30 ದಿನ ವಿಸ್ತರಿಸಬಹುದು, ಅದರಾಚೆಗೆ ಇಲ್ಲ. ನೋಟಿಸೆಂದರೆ ಒಂದು ಪುಟದ ಕಾಗದ. ಶಿಕ್ಷೆ ಹೇಳಿದ ದಿನವೇ ಆರೋಪಿ ನ್ಯಾಯಾಲಯದಲ್ಲಿ ಬಾಯಿಬಿಟ್ಟು ಕೇಳಿದರೆ ಅಲ್ಲಿನ ಗುಮಾಸ್ತರೇ ಅದನ್ನು ಸಿದ್ಧಪಡಿಸಿ ದಾಖಲಿಸಬೇಕೆಂಬ ನಿಯಮವೂ ಇದೆ. ಕೇಳಬೇಕೆಂದು ಗೊತ್ತಿದ್ದರೆ ತಾನೆ ಕೇಳುವುದು. ಮರುದಿನ ಆಕೆಗೆ ಇದನ್ನೆಲ್ಲ ಹೇಳುವಾಗ, ಹಿಂದಿನ ದಿನ ಕೊಟ್ಟ ಧೈರ್ಯವನ್ನು ನಾನೇ ವಾಪಸು ಪಡೆಯುತ್ತಿದ್ದೇನೆಂದು ನಾಚಿಕೆಯಾಯಿತು.

ಆದರೆ ವಾಯಿದೆಯೊಳಗೆ ನೋಟಿಸು ಹೋಗಿದ್ದರೂ ಏನಾಗುತ್ತಿತ್ತು? ಒಪ್ಪಂದದ ಕಾಗದವನ್ನು ಓದುತ್ತ ಹೋದಂತೆ, ತನ್ನ ಶಿಕ್ಷೆಯನ್ನು ಮೇಲ್ಮನವಿಯಲ್ಲಿ ಪ್ರಶ್ನಿಸುವ ಹಕ್ಕನ್ನು ಆರೋಪಿ ತಿಳಿದೂ ತಿಳಿದೂ ಬಿಟ್ಟುಕೊಡುತ್ತಿದ್ದಾನೆ ಎಂಬ ಕಲಮು ಸಿಕ್ಕಿತು. ಇಂಥ ಕಲಮು ಅಲ್ಲಿನ ಒಪ್ಪಂದಗಳಲ್ಲಿ ಸರ್ವೇಸಾಮಾನ್ಯ. ಫೆಡರಲ್ ನ್ಯಾಯಾಲಯಗಳಲ್ಲಿ ಶಿಕ್ಷೆಯಾಗುವ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ವಿಚಾರಣೆಯ ಮೆಟ್ಟಿಲೇರದೆ ತಪ್ಪೊಪ್ಪಿಕೊಂಡವರು. ಅಂದರೆ ‘ಮೇಲ್ಮನವಿ ಇದ್ದೇ ಇದೆ’ ಎಂದು ನಾವು ಇಲ್ಲಿ ಕುಳಿತು ಹೇಳುವ ಹೊತ್ತಿಗೆ, ಅವರಲ್ಲಿ ಎಷ್ಟೋ ಮಂದಿ ಅದನ್ನು ಬರೆದುಕೊಟ್ಟಾಗಿರುತ್ತದೆ.

ಆ ಕಲಮು ಇಲ್ಲವೆಂದೇ ಇಟ್ಟುಕೊಳ್ಳೋಣ. ಶಿಕ್ಷೆಯ ಪ್ರಮಾಣದ ಮೇಲೆ ಮೇಲ್ಮನವಿ ನಡೆಸುವಾಗ ನಾವು ವಕೀಲರು ಏನು ಹೇಳುತ್ತೇವೆ ಎಂಬುದನ್ನು ಈ ವೃತ್ತಿಯಲ್ಲಿ ಇಲ್ಲದವರು ಊಹಿಸಬಹುದು. ಕಕ್ಷಿದಾರನದು ಮೊದಲ ತಪ್ಪು, ವಯಸ್ಸು ಇಪ್ಪತ್ತಮೂರು, ಮನೆಯಲ್ಲಿ ದುಡಿಯುವ ಕೈ ಬೇರೆ ಇಲ್ಲ, ಜೈಲಿನಲ್ಲಿ ನಡತೆ ಚೆನ್ನಾಗಿದೆ, ಕೃತ್ಯದಲ್ಲಿ ಅವನ ಪಾತ್ರ ಚಿಕ್ಕದು. ‘ಈಗಾಗಲೇ ಅನುಭವಿಸಿದ ಅವಧಿಗೆ ಶಿಕ್ಷೆಯನ್ನು ಇಳಿಸಲಾಗಿದೆ’ ಎಂಬ ಸಾಲು ಕೇಳಿಸಿಕೊಂಡು ಎಷ್ಟೋ ಸಂಜೆ ನಾನು ಹಗುರವಾಗಿ ಮನೆಗೆ ಹೋಗಿದ್ದೇನೆ. ಈ ವಾದವೆಲ್ಲ ನಿಂತಿರುವುದು ಒಂದೇ ಆಧಾರದ ಮೇಲೆ: ಕೆಳ ನ್ಯಾಯಾಲಯದ ನ್ಯಾಯಾಧೀಶರು ಕಡಿಮೆ ಕೊಡಬಹುದಿತ್ತು, ಹೆಚ್ಚು ಕೊಟ್ಟರು. ಕಡಿಮೆ ಕೊಡುವ ಅಧಿಕಾರವೇ ಅವರಿಗೆ ಇರಲಿಲ್ಲವೆಂದ ಮೇಲೆ ಮೇಲಿನ ನ್ಯಾಯಾಲಯ ತಿದ್ದುವುದು ಯಾರ ತಪ್ಪನ್ನು? ಆ ಹುಡುಗನ ಪ್ರಕರಣದ ನಡಾವಳಿಯಲ್ಲಿ ನ್ಯಾಯಾಧೀಶರು, ನನ್ನ ಕೈಯಲ್ಲಿದ್ದರೆ ಇಷ್ಟು ಕೊಡುತ್ತಿರಲಿಲ್ಲ ಎಂಬ ಅರ್ಥದ ಒಂದು ಮಾತನ್ನು ದಾಖಲಿಸಿಯೇ 120 ತಿಂಗಳು ಎಂದು ಬರೆದಿದ್ದಾರೆ.

ಹಾಗಾದರೆ ಆ ಹತ್ತು ವರ್ಷವನ್ನು ನಿರ್ಧರಿಸಿದವರು ಯಾರು? ಒಂದು ಮಟ್ಟಿಗೆ 1986ರ ಅಮೆರಿಕದ ಸಂಸತ್ತು. ಆ ವರ್ಷ ಜೂನ್‌ನಲ್ಲಿ ಲೆನ್ ಬಯಸ್ ಎಂಬ 22 ವರ್ಷದ ಬ್ಯಾಸ್ಕೆಟ್‌ಬಾಲ್ ಆಟಗಾರ, ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಆಯ್ಕೆಯಾದ ಎರಡೇ ದಿನಕ್ಕೆ ಕೊಕೇನ್ ಸೇವನೆಯಿಂದ ಸತ್ತ. ದೇಶವೆಲ್ಲ ಮಾತಾಡಿಕೊಂಡ ಸಾವು ಅದು. ನವೆಂಬರಿನಲ್ಲಿ ಚುನಾವಣೆ ಬೇರೆ ಇತ್ತು. ಅಕ್ಟೋಬರ್ 27ರ ಹೊತ್ತಿಗೆ ಅಧ್ಯಕ್ಷ ರೇಗನ್ ಅವರ ಸಹಿಯೂ ಬಿದ್ದು ಮಾದಕ ವಸ್ತು ವಿರೋಧಿ ಕಾಯ್ದೆ ಜಾರಿಗೆ ಬಂದಿತ್ತು. ತಮಾಷೆಯೆಂದರೆ, 1951ರಲ್ಲಿ ಇಂಥದೇ ಕಡ್ಡಾಯ ಶಿಕ್ಷೆಗಳನ್ನು ತಂದು, ಪ್ರಯೋಜನ ಕಾಣದೆ, 1970ರಲ್ಲಿ ನಿಕ್ಸನ್ ಕಾಲದಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ತೆಗೆದುಹಾಕಿದ್ದೂ ಇದೇ ಸಂಸತ್ತು. ಹೊಸ ಕಾಯ್ದೆ ಎಲ್ಲವನ್ನೂ ತೂಕಕ್ಕೆ ಕಟ್ಟಿತು. ಹೆರಾಯಿನ್ 100 ಗ್ರಾಂ ಮುಟ್ಟಿದರೆ ಕನಿಷ್ಠ ಐದು ವರ್ಷ, ಒಂದು ಕಿಲೋ ಮುಟ್ಟಿದರೆ ಹತ್ತು. ಪುಡಿ ಕೊಕೇನ್‌ಗೆ 500 ಗ್ರಾಂ ಮತ್ತು ಐದು ಕಿಲೋ. ಅದೇ ಕೊಕೇನನ್ನು ಅಡುಗೆ ಸೋಡಾ ಹಾಕಿ ಕಾಯಿಸಿ ಹರಳು ಮಾಡಿದ ಕ್ರ್ಯಾಕ್‌ಗೆ ಬರೀ ಐದು ಗ್ರಾಂ ಮತ್ತು 50 ಗ್ರಾಂ. ಕ್ರ್ಯಾಕ್ ಪ್ರಕರಣಗಳಲ್ಲಿ ಜೈಲು ಸೇರಿದವರಲ್ಲಿ ಕಪ್ಪು ಜನರೇ ಬಹುಪಾಲು ಎಂಬುದು ಎಲ್ಲರ ಕಣ್ಣೆದುರಿಗಿದ್ದರೂ, ಒಂದಕ್ಕೆ ನೂರರ ಈ ತಾರತಮ್ಯವನ್ನು ಒಂದಕ್ಕೆ ಹದಿನೆಂಟಕ್ಕೆ ಇಳಿಸಲು 2010ರವರೆಗೆ ಕಾಯಬೇಕಾಯಿತು. ಸಮ ಮಾಡುವುದು ಇನ್ನೂ ಆಗಿಲ್ಲ.

ಇದು ಕಾನೂನಿನ ಮಾತಾಯಿತು. ಪ್ರತಿಯೊಂದು ಪ್ರಕರಣದಲ್ಲಿ ಆ ಕಾನೂನಿನ ಯಾವ ಕಲಮನ್ನು ಹಚ್ಚಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವವರು ಸರ್ಕಾರಿ ಅಭಿಯೋಜಕರು (ಪ್ರಾಸಿಕ್ಯೂಟರ್‌ಗಳು). ಈ ಹುಡುಗನ ಬಾಡಿಗೆ ಮನೆಯಲ್ಲಿ ಸಹವಾಸಿಯ ಪಿಸ್ತೂಲೊಂದು ಸಿಕ್ಕಿತ್ತು. ಮಾದಕ ವಸ್ತು ಅಪರಾಧದ ಜೊತೆಗೆ ಬಂದೂಕಿನ ಕಲಮು ಸೇರಿದರೆ ಕನಿಷ್ಠ ಐದು ವರ್ಷ ಹೆಚ್ಚುವರಿ, ಅದೂ ಮೊದಲ ಶಿಕ್ಷೆ ಮುಗಿದ ಮೇಲೆ ಪ್ರತ್ಯೇಕವಾಗಿ ಅನುಭವಿಸಬೇಕು. ಅದನ್ನು ಕೈಬಿಡುತ್ತೇವೆ, ನೀನು ಹತ್ತಕ್ಕೆ ಸಹಿ ಮಾಡು ಎಂಬುದು ಒಪ್ಪಂದದ ತಿರುಳು. ಹಿಂದೆ ಮಾದಕ ವಸ್ತು ಪ್ರಕರಣದಲ್ಲಿ ಶಿಕ್ಷೆಯಾದವರಿಗೆ ಇನ್ನೊಂದು ಬಗೆಯ ಒತ್ತಡ: ಹಳೆಯ ಶಿಕ್ಷೆಯನ್ನು ಉಲ್ಲೇಖಿಸಿ ಅಭಿಯೋಜಕರು ಒಂದು ಕಾಗದ ಸಲ್ಲಿಸಿದರೆ ಸಾಕು, ಹತ್ತು ವರ್ಷದ ಕನಿಷ್ಠ 2018ಕ್ಕೆ ಮೊದಲು ಇಪ್ಪತ್ತಾಗುತ್ತಿತ್ತು, ಹಳೆಯ ಶಿಕ್ಷೆ ಎರಡಿದ್ದರೆ ಆಜೀವ. ಆ ವರ್ಷದ ಫಸ್ಟ್ ಸ್ಟೆಪ್ ಕಾಯ್ದೆ ಇವನ್ನು 15 ಮತ್ತು 25ಕ್ಕೆ ಇಳಿಸಿತು, ಯಾವ ಹಳೆಯ ಅಪರಾಧಗಳು ಲೆಕ್ಕಕ್ಕೆ ಬರುತ್ತವೆ ಎಂಬುದನ್ನೂ ಬಿಗಿಗೊಳಿಸಿತು. ಆದರೂ ಆ ಕಾಗದವನ್ನು ಸಲ್ಲಿಸುವುದೋ ಬಿಡುವುದೋ ಎಂಬುದು ಇಂದಿಗೂ ಅಭಿಯೋಜಕರ ಇಚ್ಛೆ. ಆ ಇಚ್ಛೆಯ ಮೇಲೆ ಮೇಲ್ಮನವಿ ಇಲ್ಲವೆಂದೇ ಹೇಳಬೇಕು.

ವೆಲ್ಡನ್ ಆಂಜೆಲೋಸ್ ಪ್ರಕರಣವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಯೂಟಾ ರಾಜ್ಯದ ಈ ಯುವಕ ಸಂಗೀತ ಧ್ವನಿಮುದ್ರಣದ ಉದ್ಯಮದಲ್ಲಿದ್ದವನು. ಪೊಲೀಸ್ ಮಾಹಿತಿದಾರನೊಬ್ಬನಿಗೆ ಮೂರು ಬಾರಿ, ಪ್ರತಿ ಬಾರಿಯೂ ಸುಮಾರು 225 ಗ್ರಾಂ ಗಾಂಜಾ ಮಾರಿದ್ದ. ಬಂದೂಕು ಇಟ್ಟುಕೊಂಡಿದ್ದ, ಬಳಸಿರಲಿಲ್ಲ. ತಪ್ಪೊಪ್ಪಿಕೊಂಡರೆ 15 ವರ್ಷ ಎಂದು ಅಭಿಯೋಜಕರು ಹೇಳಿದ್ದನ್ನು ಅವನು ಒಪ್ಪಲಿಲ್ಲ. ಆಗ ಬಂದೂಕಿನ ಕಲಮುಗಳು ಒಂದರ ಮೇಲೊಂದು ಸೇರಿದವು. ಮೊದಲನೆಯದಕ್ಕೆ ಐದು ವರ್ಷ, ಎರಡನೆಯದಕ್ಕೆ 25, ಮೂರನೆಯದಕ್ಕೆ 25, ಒಟ್ಟು 55 ವರ್ಷ. 2004ರಲ್ಲಿ ಈ ಶಿಕ್ಷೆ ವಿಧಿಸಬೇಕಾಗಿ ಬಂದ ನ್ಯಾಯಾಧೀಶ ಪಾಲ್ ಕ್ಯಾಸೆಲ್ ಮೃದು ಸ್ವಭಾವದವರೆಂದು ಹೆಸರಾದವರೇನೂ ಅಲ್ಲ. ಅದೇ ದಿನ ಅವರು ಮುದುಕಿಯೊಬ್ಬಳನ್ನು ಮರದ ದಿಮ್ಮಿಯಿಂದ ಹೊಡೆದು ಕೊಂದವನಿಗೆ 22 ವರ್ಷ ವಿಧಿಸಿದ್ದರು. ಗಾಂಜಾ ಮಾರಿದವನಿಗೆ 55 ವರ್ಷ ಕೊಡುವುದು ಅನ್ಯಾಯ, ಕ್ರೂರ, ವಿವೇಕಹೀನ ಎಂದು ತಮ್ಮ ಆದೇಶದಲ್ಲಿಯೇ ಬರೆದರು, ಶಿಕ್ಷೆ ಕಡಿಮೆ ಮಾಡುವಂತೆ ಅಧ್ಯಕ್ಷರಿಗೆ ಶಿಫಾರಸೂ ಮಾಡಿದರು, ಆಮೇಲೆ 55 ವರ್ಷ ಕೊಟ್ಟರು. ಮೇಲ್ಮನವಿ ಹೋಯಿತು. 2006ರಲ್ಲಿ ಹತ್ತನೆಯ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್ ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಅವನು ಹೊರಗೆ ಬಂದದ್ದು 2016ರಲ್ಲಿ, ಅಭಿಯೋಜಕರೇ ಮನಸ್ಸು ಬದಲಿಸಿ ಒಪ್ಪಿದ ಮೇಲೆ. ಬಾಗಿಲು ಹಾಕಿದವರೇ ಬಂದು ತೆಗೆಯಬೇಕಾಯಿತು. ನಡುವೆ ಸಿಗುವ ಮೂರು ನ್ಯಾಯಾಲಯಗಳ ಕೈಲಿ ಆಗಲಿಲ್ಲ.

ಶಿಕ್ಷೆಯೇ ಕ್ರೂರ, ಆದ್ದರಿಂದ ಸಂವಿಧಾನಬಾಹಿರ ಎಂಬ ವಾದ ಏನಾಯಿತು ಎಂದು ಕೇಳಬಹುದು. ಆ ದಾರಿಯನ್ನು 1991ರ ಹಾರ್ಮೆಲಿನ್ ತೀರ್ಪು ಬಹುಮಟ್ಟಿಗೆ ಮುಚ್ಚಿದೆ. ಮಿಷಿಗನ್ ರಾಜ್ಯದ ಕಾನೂನಿನಡಿ 672 ಗ್ರಾಂ ಕೊಕೇನ್ ಇಟ್ಟುಕೊಂಡಿದ್ದವನೊಬ್ಬನಿಗೆ, ಅದು ಅವನ ಮೊದಲ ಗಂಭೀರ ಅಪರಾಧವಾಗಿದ್ದರೂ, ಪೆರೋಲ್ ಇಲ್ಲದ ಆಜೀವ ಶಿಕ್ಷೆ ಸರಿಯೆಂದು ಅಮೆರಿಕದ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ಹೇಳಿತು. ಅದಾದ ಮೇಲೆ ಹತ್ತು ವರ್ಷದ ಫೆಡರಲ್ ಶಿಕ್ಷೆಯನ್ನು ಕ್ರೂರವೆಂದು ವಾದಿಸಲು ಹೊರಡುವವರು ಫೀಸಿಗೆ ದಂಡ.

ಇನ್ನು ಉಳಿಯುವುದು ತೂಕ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ವಿಷಯದಲ್ಲಿ ಅಮೆರಿಕಕ್ಕೂ ನಮಗೂ ಅಂತರವಿಲ್ಲ. 1991ರಲ್ಲಿಯೇ ಬಂದ ಚಾಪ್‌ಮನ್ ಪ್ರಕರಣದಲ್ಲಿ ಆರೋಪಿ ಮಾರಿದ್ದು ಭ್ರಮೆ ಹುಟ್ಟಿಸುವ ಮಾದಕ ವಸ್ತುವಾದ ಎಲ್‌ಎಸ್‌ಡಿ ಹೀರಿಸಿದ ಹತ್ತು ಹಾಳೆ ಕಾಗದ, ಒಟ್ಟು ಸಾವಿರ ಡೋಸ್. ಕಾಗದ ಸಮೇತ ತೂಕ 5.7 ಗ್ರಾಂ, ಅದರಲ್ಲಿ ಎಲ್‌ಎಸ್‌ಡಿ ಇದ್ದದ್ದು ಸುಮಾರು 50 ಮಿಲಿಗ್ರಾಂ. ಕಾನೂನಿನ ಗೆರೆ ಒಂದು ಗ್ರಾಂ. ವಸ್ತುವನ್ನಷ್ಟೇ ತೂಗಿದರೆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ, ಕಾಗದವನ್ನೂ ತೂಗಿದರೆ ಐದು ವರ್ಷ. ಕಾನೂನಿನಲ್ಲಿ ‘ಮಿಶ್ರಣ’ ಎಂದಿದೆ, ಕಾಗದವೂ ಅದರೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ಸಾವಿರ ಡೋಸನ್ನು ಸಕ್ಕರೆ ಅಚ್ಚುಗಳ ಮೇಲೆ ಹನಿಸಿದ್ದರೆ ತೂಕ ಕಿಲೋ ದಾಟಿ ಹತ್ತು ವರ್ಷವಾಗುತ್ತಿತ್ತು. ಈ ಅಸಂಗತವನ್ನು ಕಂಡು, ನ್ಯಾಯಾಧೀಶರಿಗೆ ಶಿಕ್ಷೆಯ ಪ್ರಮಾಣದ ಮಾರ್ಗಸೂಚಿ ರೂಪಿಸುವ ಅಲ್ಲಿನ ಶಿಕ್ಷಾ ಆಯೋಗ 1993ರಲ್ಲಿ ತನ್ನ ಮಾರ್ಗಸೂಚಿಯನ್ನು ಬದಲಿಸಿ, ಡೋಸ್ ಒಂದಕ್ಕೆ 0.4 ಮಿಲಿಗ್ರಾಂ ಎಂಬ ಲೆಕ್ಕ ತಂದಿತು. 1996ರ ನೀಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆಯೋಗದ ಲೆಕ್ಕ ಮಾರ್ಗಸೂಚಿಗಷ್ಟೇ, ಕಡ್ಡಾಯ ಕನಿಷ್ಠಕ್ಕೆ ಕಾಗದವನ್ನು ತೂಗುವುದೇ ಸರಿ ಎಂದಿತು.

ಮಾದಕ ವಸ್ತುಗಳನ್ನು ನಿಯಂತ್ರಿಸುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯನ್ನು 2001ರಲ್ಲಿ ತಿದ್ದುಪಡಿ ಮಾಡಿ ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣ ಎಂಬ ವರ್ಗಗಳನ್ನು ತಂದ ಮೇಲೆ ಇಲ್ಲಿಯೂ ಇದೇ ಕಥೆ. 2008ರ ಮೈಕೆಲ್ ರಾಜ್ ತೀರ್ಪು, ಬೆರಕೆಯನ್ನು ಬಿಟ್ಟು ಶುದ್ಧ ವಸ್ತುವಿನ ತೂಕವನ್ನಷ್ಟೇ ನೋಡಬೇಕೆಂದಿತ್ತು. 2020ರ ಹೀರಾ ಸಿಂಗ್ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ, ಬೆರಕೆಯೂ ಸೇರಿ ಒಟ್ಟು ತೂಕ ಎಂದಿತು. ನಮ್ಮಲ್ಲಿ ಎಲ್‌ಎಸ್‌ಡಿಯ ವಾಣಿಜ್ಯ ಪ್ರಮಾಣ 0.1 ಗ್ರಾಂ. ಕಾಗದವನ್ನೂ ತೂಗುವುದಾದರೆ, ಚಾಪ್‌ಮನ್ ಪ್ರಕರಣದ ಕಾಗದದ ಲೆಕ್ಕದಲ್ಲಿ ಉಗುರಿನಷ್ಟಗಲದ ಹದಿನೆಂಟು ಚೂರು ಆ ಗೆರೆ ದಾಟುತ್ತದೆ, ದಾಟಿದರೆ ಕನಿಷ್ಠ ಹತ್ತು ವರ್ಷ.

ಗಾಂಜಾದ ಗೆರೆ 20 ಕಿಲೋ. ನಾನು ನಡೆಸಿದ ಒಂದು ಪ್ರಕರಣದಲ್ಲಿ ಮಹಜರಿನಲ್ಲಿ ಬರೆದದ್ದು 21 ಕಿಲೋ 300 ಗ್ರಾಂ. ಘಟ್ಟದ ಕೆಳಗಿನ ಊರೊಂದರಲ್ಲಿ ಪೊಲೀಸರು ರಸ್ತೆಬದಿಯ ಕಿರಾಣಿ ಅಂಗಡಿಯ ತಕ್ಕಡಿಯನ್ನೇ ತರಿಸಿ, ಅಂಗಡಿಯವನನ್ನೇ ಪಂಚನನ್ನಾಗಿ ಮಾಡಿಕೊಂಡು, ಎರಡು ಗೋಣಿಚೀಲಗಳನ್ನು ಬಾಯಿ ಹೊಲಿದಂತೆಯೇ ತಕ್ಕಡಿಗೆ ಏರಿಸಿದ್ದರು. ಪಾಟೀಸವಾಲಿನಲ್ಲಿ ನಾನು ಅವನ ವ್ಯಾಪಾರದ ಬಗ್ಗೆಯೇ ಕೇಳುತ್ತ ಹೋದೆ. ಅಕ್ಕಿ ಕೊಳ್ಳುವಾಗ ಚೀಲದ ತೂಕ ಕಳೆಯುತ್ತೀಯಾ ಎಂದದ್ದಕ್ಕೆ, ಕಳೆಯದೆ ಇದ್ದರೆ ನಷ್ಟವಲ್ಲವೇ ಎಂದ. ಎರಡು ಚೀಲಕ್ಕೆ ಎಷ್ಟು ಕಳೆಯುತ್ತೀಯಾ ಎಂದಾಗ ಒಂದೂಮುಕ್ಕಾಲು ಕಿಲೋ ಎಂದ. ಆ ಮೂರು ಸಾಲಿನ ಮೇಲೆ ಮೇಲ್ಮನವಿ ನಿಂತಿತು, ವಾಣಿಜ್ಯ ಪ್ರಮಾಣ ಸಾಬೀತಾಗಿಲ್ಲವೆಂದಾಯಿತು, ಶಿಕ್ಷೆ ಇಳಿಯಿತು. ನನ್ನ ಕಕ್ಷಿದಾರನ ಬಡತನ, ವಯಸ್ಸು, ಅವನು ಬರೀ ಕೂಲಿಗೆ ಚೀಲ ಹೊತ್ತವನೆಂಬ ಸಂಗತಿ ಯಾವುದೂ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಅವನನ್ನು ಉಳಿಸಿದ್ದು ಸೆಣಬು. ಆ ಪ್ರಕರಣವನ್ನು ನಾನು ಗೆಲುವೆಂದು ಬಹಳ ದಿನ ಹೇಳಿಕೊಂಡಿದ್ದೇನೆ, ಈಗ ಹಾಗೆ ಹೇಳಿಕೊಳ್ಳಲು ಮನಸ್ಸಾಗುವುದಿಲ್ಲ.

ಅಮೆರಿಕದಲ್ಲಿ 2013ರ ಆಲೀನ್ ತೀರ್ಪು ಈ ತೂಕದ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ: ಕಡ್ಡಾಯ ಕನಿಷ್ಠವನ್ನು ಏರಿಸುವ ಯಾವುದೇ ಸಂಗತಿಯನ್ನು, ಹಳೆಯ ಶಿಕ್ಷೆಯೊಂದನ್ನು ಬಿಟ್ಟು, ನ್ಯಾಯಾಧೀಶರು ತಾವೇ ತೀರ್ಮಾನಿಸುವಂತಿಲ್ಲ, ಜ್ಯೂರಿಯ (ಸಾಮಾನ್ಯ ನಾಗರಿಕರ ತೀರ್ಪು ಮಂಡಳಿಯ) ಮುಂದೆ ಸಂಶಯಾತೀತವಾಗಿ ಸಾಬೀತಾಗಬೇಕು. ಮೇಲ್ಮನವಿಯಲ್ಲಿ ಇದು ನಿಜವಾದ ಅಸ್ತ್ರ. ಆದರೆ ವಿಚಾರಣೆ ನಡೆದಿದ್ದರೆ ಮಾತ್ರ. ಒಪ್ಪಂದಕ್ಕೆ ಸಹಿ ಹಾಕುವವನು ‘ಇಷ್ಟು ಗ್ರಾಂ’ ಎಂದು ತೂಕವನ್ನೂ ಸಾಮಾನ್ಯವಾಗಿ ಒಪ್ಪಿಕೊಂಡಿರುತ್ತಾನೆ. ಈ ಹುಡುಗ ಒಪ್ಪಿಕೊಂಡದ್ದು 500 ಗ್ರಾಂಗಿಂತ ಹೆಚ್ಚು ತೂಕದ, ಮೆಥಾಂಫೆಟಮಿನ್ ಬೆರೆತ ಮಿಶ್ರಣ ಎಂದು. ಅವನ ಪಾಲಿಗೆ ಜ್ಯೂರಿಯೂ ಅವನೇ, ತಕ್ಕಡಿಯೂ ಅವನೇ ಆದಂತಾಯಿತು.

ಕನಿಷ್ಠದ ಕೆಳಗೆ ಇಳಿಯಲು ಕಾನೂನೇ ಇಟ್ಟಿರುವ ಕಿಂಡಿಗಳಿಲ್ಲವೇ? ಎರಡಿವೆ. ಒಂದು, ಬೇರೆಯವರನ್ನು ಹಿಡಿಯಲು ಆರೋಪಿ ಗಣನೀಯವಾಗಿ ನೆರವಾದರೆ ಅಭಿಯೋಜಕರು ಅರ್ಜಿ ಹಾಕಬಹುದು. ಆಗ ನ್ಯಾಯಾಧೀಶರು ಇಳಿಸಬಹುದು. ಅಭಿಯೋಜಕರು ಹಾಕದಿದ್ದರೆ? ಜನಾಂಗ, ಧರ್ಮದಂಥ ಸಂವಿಧಾನವಿರೋಧಿ ಕಾರಣಕ್ಕೆ ಹಾಕಲಿಲ್ಲವೆಂದು ತೋರಿಸಿದರೆ ನ್ಯಾಯಾಲಯ ಮಧ್ಯಪ್ರವೇಶಿಸಬಹುದು ಎಂದು 1992ರ ವೇಡ್ ತೀರ್ಪು ಹೇಳುತ್ತದೆ. ಅದನ್ನು ತೋರಿಸುವುದು ಎಷ್ಟು ಕಷ್ಟ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಹೇಳಲು ಹೆಸರುಗಳಿರುವುದು ಜಾಲದ ಮೇಲಿನವರಿಗೆ. ಪಾರ್ಸೆಲ್ ಪಡೆದ ಹುಡುಗನಿಗೆ ಗೊತ್ತಿರುವುದು ಪಕ್ಕದ ಕೋಣೆಯವನೊಬ್ಬ.

ಎರಡನೆಯದನ್ನು ಅಲ್ಲಿ ‘ಸೇಫ್ಟಿ ವಾಲ್ವ್’ ಎಂದೇ ಕರೆಯುತ್ತಾರೆ, ನಮ್ಮ ಕುಕ್ಕರಿನಲ್ಲಿರುವ ಅದೇ ಹೆಸರು. 1994ರಲ್ಲಿ ಬಂದು 2018ರಲ್ಲಿ ಹಿಗ್ಗಿದ ಈ ನಿಯಮದಡಿ, ಹಿಂದಿನ ದಾಖಲೆ ಹೆಚ್ಚಿಲ್ಲದ, ಹಿಂಸೆ ಮಾಡದ, ಬಂದೂಕು ಇಟ್ಟುಕೊಳ್ಳದ, ನಾಯಕನಲ್ಲದ ಆರೋಪಿ ತನಗೆ ಗೊತ್ತಿರುವುದನ್ನೆಲ್ಲ ಶಿಕ್ಷೆಯ ದಿನದೊಳಗೆ ಸರ್ಕಾರಕ್ಕೆ ಸತ್ಯವಾಗಿ ತಿಳಿಸಿದರೆ, ಅಭಿಯೋಜಕರ ಅರ್ಜಿ ಇಲ್ಲದೆಯೂ ನ್ಯಾಯಾಧೀಶರು ಕನಿಷ್ಠದ ಕೆಳಗೆ ಹೋಗಬಹುದು. ಈ ಹಿಗ್ಗಿದ ನಿಯಮದ ಒಂದು ‘ಮತ್ತು’ ಆರು ವರ್ಷ ಅಮೆರಿಕದ ನ್ಯಾಯಾಲಯಗಳನ್ನು ಒಡೆದಿತ್ತು. ಆರೋಪಿಗೆ ಹಿಂದಿನ ದಾಖಲೆಯಲ್ಲಿ ಇಂತಿಂಥ ಮೂರು ಅಂಶಗಳು, ಮೊದಲನೆಯದು, ಎರಡನೆಯದು ಮತ್ತು ಮೂರನೆಯದು, ಇರಬಾರದು ಎಂದರೆ ಏನರ್ಥ? ‘ಮೀನು ಮತ್ತು ಮೊಸರು ತಿನ್ನಬೇಡ’ ಎಂದು ಅಜ್ಜಿ ಹೇಳಿದರೆ ಎರಡನ್ನೂ ಕೂಡಿಸಿ ತಿನ್ನಬೇಡ ಎಂದರ್ಥ. ‘ಉಪ್ಪು ಮತ್ತು ಸಕ್ಕರೆ ತಿನ್ನಬೇಡಿ’ ಎಂದು ಡಾಕ್ಟರು ಹೇಳಿದರೆ ಯಾವುದನ್ನೂ ತಿನ್ನಬೇಡಿ ಎಂದರ್ಥ. 2024ರ ಮಾರ್ಚ್‌ನಲ್ಲಿ ಪಲ್ಸಿಫರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಡಾಕ್ಟರ ‘ಮತ್ತು’ವನ್ನು ಆರಿಸಿಕೊಂಡಿತು: ಮೂರರಲ್ಲಿ ಒಂದಿದ್ದರೂ ಕಿಂಡಿ ಮುಚ್ಚಿತು. ಬಹುಮತದ ತೀರ್ಪು ಬರೆದವರು ಉದಾರವಾದಿ ಎನಿಸಿಕೊಂಡ ಎಲೆನಾ ಕೇಗನ್, ಭಿನ್ನಮತ ಬರೆದವರು ಸಂಪ್ರದಾಯವಾದಿ ಎನಿಸಿಕೊಂಡ ನೀಲ್ ಗೊರ್ಸಚ್. ನ್ಯಾಯಮೂರ್ತಿಗಳನ್ನು ಪಕ್ಷದ ಲೆಕ್ಕದಲ್ಲಿ ಎಣಿಸುವವರು ಇದನ್ನು ಗಮನಿಸಬೇಕು.

ನಮ್ಮ ಹುಡುಗನಿಗೆ ‘ಮತ್ತು’ವಿನ ತೊಡಕಿರಲಿಲ್ಲ, ಹಿಂದಿನ ದಾಖಲೆಯೇ ಇಲ್ಲ. ಅವನು ಸೋತದ್ದು ಕೊನೆಯ ಷರತ್ತಿನಲ್ಲಿ. ಪಿಸ್ತೂಲು ಯಾರದು, ಪಾರ್ಸೆಲ್ ಯಾರಿಗೆ ಹೋಗುತ್ತಿತ್ತು ಎಂದು ಕೇಳಿದಾಗ ಸಹವಾಸಿಯ ಹೆಸರು ಹೇಳಲು ಹೆದರಿ ಅರ್ಧ ಹೇಳಿದ, ಅರ್ಧ ನುಂಗಿದ. ಶಿಕ್ಷೆಯ ದಿನ ಕಳೆದ ಮೇಲೆ ಪೂರ್ತಿ ಹೇಳುತ್ತೇನೆಂದರೆ ಈ ನಿಯಮದಡಿ ಅದಕ್ಕೆ ಬೆಲೆಯಿಲ್ಲ. “ಈಗ ಎಲ್ಲಾ ಹೇಳ್ತಾನಂತೆ ಸಾರ್” ಎಂದು ಆ ತಾಯಿ ಎರಡು ಬಾರಿ ಹೇಳಿದರು.

ಕಡ್ಡಾಯ ಕನಿಷ್ಠದ ಪರವಾಗಿ ಹೇಳುವ ಮಾತೇ ಇಲ್ಲವೆಂದು ನಾನು ಹೇಳುವುದಿಲ್ಲ. ಒಂದೇ ಬಗೆಯ ಅಪರಾಧಕ್ಕೆ ಒಂದು ಜಿಲ್ಲೆಯಲ್ಲಿ ಆರು ತಿಂಗಳು, ಪಕ್ಕದ ಜಿಲ್ಲೆಯಲ್ಲಿ ಆರು ವರ್ಷ ಬೀಳುವುದನ್ನು ನಾನೇ ಕಂಡಿದ್ದೇನೆ. ಹಣವಂತರ ಮಕ್ಕಳಿಗೆ ಬೇಗ ಕರುಣೆ ಸಿಗುವುದನ್ನೂ ಕಂಡಿದ್ದೇನೆ. ಫೆಂಟನಿಲ್ ಎಂಬ ಮಾದಕ ವಸ್ತುವಿನಿಂದ ಅಮೆರಿಕದಲ್ಲಿ ಆಗಿರುವ ಸಾವುಗಳ ಮುಂದೆ ಕಾನೂನು ಬಿಗಿಯಾಗಿರಬೇಕೆಂದು ಅಲ್ಲಿನ ಜನ ಬಯಸಿದರೆ ಅದೂ ಸಹಜವೇ. ಆ ಓದುಗರ ಬಯಕೆ, ನ್ಯಾಯಾಧೀಶರ ಮರ್ಜಿ ಹೋಗಬೇಕೆಂಬುದು. ಮರ್ಜಿ ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ತೆರೆದ ನ್ಯಾಯಾಲಯದಲ್ಲಿ, ಕಾರಣ ಬರೆದು, ಮೇಲಿನವರು ಪರಿಶೀಲಿಸಬಹುದಾದ ರೀತಿಯಲ್ಲಿ ಚಲಾಯಿಸುತ್ತಿದ್ದ ವಿವೇಚನೆ, ಯಾವ ಕಲಮು ಹಚ್ಚಬೇಕೆಂದು ಅಭಿಯೋಜಕರ ಕಚೇರಿಯಲ್ಲಿ, ಕಾರಣ ಬರೆಯಬೇಕಾಗಿಲ್ಲದೆ ಚಲಾಯಿಸುವ ವಿವೇಚನೆಯಾಗಿದೆ. ನಮ್ಮ ಠಾಣೆಗಳಲ್ಲಿ ಇದು 19 ಕಿಲೋ ಎಂದು ಬರೆಯುವುದೋ 21 ಎಂದು ಬರೆಯುವುದೋ ಎಂಬ ವಿವೇಚನೆಯಾದರೆ ಏನಾಗುತ್ತದೆ ಎಂಬುದನ್ನು ಓದುಗರೇ ಯೋಚಿಸಲಿ. ಹೈಕೋರ್ಟಿನಲ್ಲಿ ಕರುಣೆ ಸಿಗದಿದ್ದರೂ ಸನ್ನಡತೆಗೆ ಶಿಕ್ಷೆಯ ಕಡಿತವಾದರೂ ಸಿಗಲಿ ಎಂದು ನಮ್ಮಲ್ಲಿ ಎನ್ನುವಂತಿಲ್ಲ, 1989ರಲ್ಲಿ ಸೇರಿಸಿದ ಎನ್‌ಡಿಪಿಎಸ್ ಕಾಯ್ದೆಯ 32ಎ ಕಲಮು ಅದನ್ನೂ ತಡೆಯುತ್ತದೆ. ಅಮೆರಿಕದ ಫೆಡರಲ್ ವ್ಯವಸ್ಥೆಯಲ್ಲಿ ಪೆರೋಲ್ ಇಲ್ಲ, ಆದರೂ ಸನ್ನಡತೆಗೆ ಶಿಕ್ಷೆಯ ವರ್ಷವೊಂದಕ್ಕೆ 54 ದಿನಗಳವರೆಗೆ ಕಡಿತವಾದರೂ ಇದೆ.

ಮಾದಕ ವಸ್ತು ಪ್ರಕರಣದ ಸುದ್ದಿ ಪ್ರಕಟಿಸುವಾಗ, ಅಲ್ಲಿಯದಾಗಲಿ ಇಲ್ಲಿಯದಾಗಲಿ, ‘ನ್ಯಾಯಾಧೀಶರು ಹತ್ತು ವರ್ಷ ಶಿಕ್ಷೆ ವಿಧಿಸಿದರು’ ಎಂಬ ಒಂದು ಸಾಲಿನ ಜೊತೆಗೆ ಆ ಹತ್ತು ಕಾನೂನಿನ ಕನಿಷ್ಠವೋ, ತೂಕ ಎಷ್ಟೆಂದು ದಾಖಲಾಗಿತ್ತು, ಅದರಲ್ಲಿ ವಸ್ತುವೆಷ್ಟು ಬೆರಕೆಯೆಷ್ಟು, ಆರೋಪಿ ವಿಚಾರಣೆ ಎದುರಿಸಿದನೋ ಸಹಿ ಹಾಕಿದನೋ ಎಂಬುದನ್ನೂ ತಮ್ಮ ವರದಿಗಾರರು ಬರೆಯುವಂತಾದರೆ ಓದುಗರಿಗೆ ಉಪಕಾರವಾಗುತ್ತದೆ. ಮಕ್ಕಳನ್ನು ಓದಲು ಕಳುಹಿಸಿರುವ ಮನೆಗಳಿಗೆ 14 ದಿನದ ಮಾತು ತಲುಪಿದರೆ ಅದೂ ಉಪಕಾರವೇ. ವಕೀಲರಿಗೆ ಮೇಲ್ಮನವಿ ಹಾಕಿ ಎಂದು ಆರೋಪಿ ಸ್ಪಷ್ಟವಾಗಿ ಹೇಳಿದ್ದೂ ಅವರು ಹಾಕದಿದ್ದರೆ, ಹಕ್ಕು ಬಿಟ್ಟುಕೊಟ್ಟ ಕಲಮು ಇದ್ದರೂ, ಕಳೆದುಹೋದ ಮೇಲ್ಮನವಿಯನ್ನು ಮರಳಿ ಪಡೆಯಬಹುದೆಂದು 2019ರ ಗಾರ್ಜಾ ತೀರ್ಪು ಹೇಳಿದೆ. ನಮ್ಮ ಹುಡುಗ ಹೇಳಿರಲಿಲ್ಲ.

ಅವನಿಗೆ ಉಳಿದಿರುವುದು ಒಂದೇ ಅರ್ಜಿ, ತೀರ್ಪು ಅಂತಿಮವಾದ ಒಂದು ವರ್ಷದೊಳಗೆ ಅದೇ ನ್ಯಾಯಾಲಯದಲ್ಲಿ ಸಲ್ಲಿಸುವಂಥದು. ಅದರಲ್ಲಿ ಶಿಕ್ಷೆ ಹೆಚ್ಚಾಯಿತೆಂದು ಹೇಳಿ ಪ್ರಯೋಜನವಿಲ್ಲ, ವಕೀಲರ ನೆರವು ಸಮರ್ಪಕವಾಗಿರಲಿಲ್ಲವೆಂದು ತೋರಿಸಬೇಕು. ಬೇರೆ ದೇಶದ ಪ್ರಜೆ ತಪ್ಪೊಪ್ಪಿಕೊಂಡರೆ ಗಡೀಪಾರಾಗುತ್ತಾನೆಂಬುದು ಸ್ಪಷ್ಟವಿರುವಾಗ ಅದನ್ನು ಅವನಿಗೆ ತಿಳಿಸುವುದು ವಕೀಲರ ಕರ್ತವ್ಯವೆಂದು 2010ರ ಪಡಿಲ್ಲಾ ತೀರ್ಪಿನಲ್ಲಿದೆ. ಗೆದ್ದರೂ ಸಿಗುವುದು ಶಿಕ್ಷೆಯ ಇಳಿಕೆಯಲ್ಲ. ತಪ್ಪೊಪ್ಪಿಗೆ ರದ್ದಾಗಿ ಪ್ರಕರಣ ಮೊದಲಿನಿಂದ ಆರಂಭವಾಗುತ್ತದೆ, ಪಿಸ್ತೂಲಿನ ಕಲಮೂ ಮರಳಿ ಬರಬಹುದು. ಹೋಗಬೇಕೋ ಬೇಡವೋ ಎಂದು ಮಗ ಇನ್ನೂ ತೀರ್ಮಾನಿಸಿಲ್ಲ. ಸಹಿ ಹಾಕುವ ಮೊದಲು ಗಡೀಪಾರಿನ ಮಾತು ಯಾರಾದರೂ ಹೇಳಿದ್ದರೇ ಎಂದು ಫೋನಿನಲ್ಲಿ ಅವನನ್ನು ಕೇಳಿ ಬರೆದುಕೊಂಡು ಬರಲು ಆ ತಾಯಿಗೆ ಹೇಳಿದ್ದೇನೆ; ಆ ಫೋನು ವಾರಕ್ಕೊಮ್ಮೆ, ಹದಿನೈದು ನಿಮಿಷ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಕೀಲ
ಶಿವಮೊಗ್ಗ